ಹನ್ನೊಂದು ಸೆಕೆಂಡು

ಏಪ್ರಿಲ್ ಹದಿನೈದರೊಳಗೆ ಹೇಳಬೇಕು, ಹ್ಞೂಂ ಅಥವಾ ಉಹುಂ.
ಫ್ರಿಜ್ಜಿನ ಬಾಗಿಲಲ್ಲಿ ಎರಡು ಕಾಗದ,
ಆಯಸ್ಕಾಂತ ಒಂದೇ. ಹಾಗಾಗಿ
ಒಂದು ಮೇಲೆ, ಒಂದು ಅದರಡಿ.
ದಿನಾ ಬೆಳಿಗ್ಗೆ ಹಾಲು ತೆಗೆಯುವಾಗ ಅದಲುಬದಲು ಮಾಡುತ್ತೇನೆ,
ಯಾವುದಕ್ಕೂ ಬೇಜಾರಾಗದಿರಲಿ ಎಂದು.

ಟೊಲಿಡೊದಲ್ಲಿ, ಮಾಮೀ ನದಿಯ ಈ ದಡದಲ್ಲಿ,
ನಾನು ಮದುವೆಗಳ ವಿಡಿಯೊ ತೆಗೆಯುವವಳು.
ಒಂಬತ್ತು ವರ್ಷ, ಇನ್ನೂರ ಹದಿನಾರು ಮದುವೆ,
ಕೇಕಿನೊಳಗೆ ಚಾಕು ಇಳಿದದ್ದು ಇನ್ನೂರ ಹದಿನಾರು ಸಲ.
ನನ್ನ ಪಾಲಿಗೆ ಯಾವಾಗಲೂ ಅಂಚಿನ ತುಂಡು.

ಅಪ್ಪ ಮೂವತ್ತೊಂದು ವರ್ಷ
ಕಾರುಗಳ ಮುಂಗಾಜು ಉಜ್ಜಿದವನು.
"ಒಳ್ಳೇ ಗಾಜು ಕಾಣಿಸೋದಿಲ್ಲ ಪಿರೋಷ್ಕಾ,
ಕಾಣಿಸಿತು ಅಂದ್ರೆ ತಪ್ಪು ನನ್ನದು" ಅನ್ನುತ್ತಿದ್ದ.
ಅವನಿಗೆ ಎರಡೂ ಕಾಗದ ಓದಿ ಹೇಳಿದೆ.
"ಕಲಿಯೋಕೆ ಮೂರು ವರ್ಷವಾ?
ನೋಡೋಕೆ ಎರಡು ಗಂಟೆ ಸಾಕಲ್ಲ" ಅಂದ.

ಒಂದು ಲಾಸ್ ಏಂಜಲಿಸ್‌ನದು. ಕಾಗದವೇ ದಪ್ಪ, ಬೆರಳಿಗೆ ರೇಷ್ಮೆ.
ಹೋಗಿ ನೋಡಿ ಬಂದೆ.
ಅಲ್ಲಿ ಮಳೆ ಬೇಕೆಂದರೆ ನಲ್ಲಿ ತಿರುಗಿಸುತ್ತಾರೆ,
ಬೆಳದಿಂಗಳಿಗೆ ಒಂದು ಸ್ವಿಚ್ಚು.
ಸುತ್ತಾಡಿಸಿದ ಹುಡುಗ ಹೋದ ವರ್ಷ ಪಾಸಾದವನು.
"ಈಗೇನು ಮಾಡ್ತಿದೀಯ?" ಅಂದೆ.
"ಇದನ್ನೇ" ಅಂದ, ಇನ್ನೊಂದು ಬಾಗಿಲು ತೆರೆದ.
ಯಾರದೋ ಮದುವೆಯ ಬಿಲ್ಲಿನ ಹಿಂಬದಿ ಲೆಕ್ಕ ಹಾಕಿದೆ:
ಸಾಲ ತೀರುವ ಹೊತ್ತಿಗೆ ನನಗೆ ಅರವತ್ತೊಂದು.
ಆದರೂ ಆ ಹೆಸರು ಹೇಳಿದರೆ ಜನ ಹುಬ್ಬೇರಿಸುತ್ತಾರೆ.
ಹುಬ್ಬಿಗೂ ಒಂದು ಬೆಲೆಯಿದೆ, ಇಲ್ಲ ಎನ್ನಲಾರೆ.

ಇನ್ನೊಂದು ನೆಬ್ರಾಸ್ಕಾದ್ದು. ಜೋಳದ ಬಯಲು,
ನಾನು ಹೋದಾಗ ಜೋಳವೂ ಇಲ್ಲ, ಬರೀ ಹಿಮ.
ಫೀಸಿಲ್ಲ, ಮೇಲೆ ತಿಂಗಳಿಗಿಷ್ಟು ಕೊಡುತ್ತಾರೆ,
ಬದಲಿಗೆ ಹದಿನೆಂಟರ ಮಕ್ಕಳಿಗೆ ಫೋಕಸ್ ಹಿಡಿಯುವುದು ಕಲಿಸಬೇಕು.
ಕ್ಯಾಮೆರಾ ಐದು, ನಡೆಯುವವು ಮೂರು.
ಹಿಂದೆ ಹಾಲು ತಣಿಸುತ್ತಿದ್ದ ಕೋಣೆಯೇ ಈಗ ಎಡಿಟಿಂಗ್ ಕೋಣೆ,
ಮೂಲೆಯಲ್ಲಿ ಹುಳಿ ವಾಸನೆ ಇನ್ನೂ ಹೋಗಿಲ್ಲ.

ಎರಡೂ ಕಡೆ ನೋಡಿದ್ದು ಅದೇ ತುಣುಕು:
ಮದುಮಗನ ತಾತ ಲಾಯೋಷ್ ಊಟದ ಮೇಜಿನಡಿ ಮಂಡಿಯೂರಿ
ಕಿವಿಯಿಂದ ಬಿದ್ದ ಯಂತ್ರ ತಡಕುತ್ತಿದ್ದಾನೆ.
ಸುತ್ತ ಕುಣಿಯುವ ಕಾಲು.
ಅವನಿಗೆ ಹಾಡಿಲ್ಲ, ಕಾಲಷ್ಟೇ.
ಹನ್ನೊಂದು ಸೆಕೆಂಡು.

"ಚೆನ್ನಾಗಿದೆ. ನಾಲ್ಕು ಸಾಕಿತ್ತು" ಅಂದರು ಅಲ್ಲಿ.
ಮನೆಗೆ ಬಂದು ನಾಲ್ಕಕ್ಕೆ ಕತ್ತರಿಸಿದೆ. ಸರಿಯಾಗೇ ಹೇಳಿದ್ದರು:
ನಗು ಬಂತು. ಯಾರಿಗೂ ಬರುತ್ತದೆ.

ನೆಬ್ರಾಸ್ಕಾದಲ್ಲಿ ಒಬ್ಬಾಕೆ, ಬಾಯಲ್ಲಿ ಕೆಮ್ಮಿನ ಗುಳಿಗೆ,
ಮುಗಿದ ಮೇಲೂ ಪರದೆಯನ್ನೇ ನೋಡುತ್ತಿದ್ದು ಕೇಳಿದಳು:
"ಸಿಕ್ಕಿತಾ?"
ಗೊತ್ತಿಲ್ಲ ಅಂದೆ. ಕೇಕು ಕತ್ತರಿಸೋ ಹೊತ್ತಾಗಿತ್ತು,
ಆ ಕಡೆ ತಿರುಗಿಕೊಂಡೆ.
ಆಕೆ ಗುಳಿಗೆಯನ್ನು ಒಂದು ದವಡೆಯಿಂದ
ಇನ್ನೊಂದಕ್ಕೆ ಸರಿಸಿದಳು. ಅಷ್ಟೇ.

ಹದಿನಾಲ್ಕರ ಸಂಜೆ, ಕಾಲು ಎಳೆದತ್ತ,
ಹಂಗೇರಿಯನ್ನರ ಆ ಸಭಾಭವನಕ್ಕೆ ಹೋದೆ.
ಕಾವಲಿನ ಓರ್ವಿಲ್ ಶೂ ಡಬ್ಬವೊಂದನ್ನು ಮುಂದಿಟ್ಟ:
ಒಂಟಿ ಓಲೆಗಳು, ಅರ್ಧ ಸೆಟ್ಟು ಹಲ್ಲು,
ಮಗುವಿನ ಒಂದು ಬೂಟು, ಕಿವಿಯಂತ್ರ ನಾಲ್ಕು.
"ನಿನ್ನದು ಯಾವುದೋ ತಗೋ" ಅಂದ.
ಒಂದನ್ನು ಕಿವಿಗಿಟ್ಟೆ. ಬ್ಯಾಟರಿ ಸತ್ತಿತ್ತು.
ಕ್ಯಾಮೆರಾ ತಂದಿರಲಿಲ್ಲ.

ರಾತ್ರಿ ಒಂದು ಕಾಗದ ಮಡಿಸಿ ಡ್ರಾಯರಿಗೆ ಹಾಕಿದೆ,
ಇನ್ನೊಂದಕ್ಕೆ ಹ್ಞೂಂ ಎಂದು ಬರೆದೆ.
ಅಪ್ಪ ಯಾವುದಕ್ಕೆ ಎಂದು ಕೇಳಲಿಲ್ಲ,
ಅಟ್ಟ ಹತ್ತಿ ತನ್ನ ಕಾರ್ಖಾನೆಯ ದಪ್ಪ ಕೋಟು ಇಳಿಸಿದ,
ತೋಳಿನಿಂದ ಗಾಜಿನ ಪುಡಿ ಕೊಡವಿದ.

ಮಲಗಿದೆ. ನಿದ್ದೆ ಹತ್ತಲಿಲ್ಲ.
ನಾಲ್ಕು ಸೆಕೆಂಡಿನದ್ದೇ ಚೆನ್ನಾಗಿತ್ತೇನೋ.