ಹೆಬ್ಬೆರಳಿನ ಕಡೆಗೆ

ಮಂಗಳವಾರ ರಾತ್ರಿ ಏಳಕ್ಕೆ
ರುಮೋಯ್ ಬಂದರಿನ ಅಗ್ನಿಶಾಮಕ ಠಾಣೆಯ ಮೇಲ್ಮಹಡಿಯಲ್ಲಿ
ಹನ್ನೊಂದು ಜನ ಹೆಂಗಸರು ಬೀಳುತ್ತೇವೆ.

ಹೊಡೆಯುವುದು ಕಲಿಯೋಣವೆಂದು ಬಂದವಳು ನಾನು.
ಇವಾಬುಚಿ ಸೆನ್ಸೇ,
ಮೂವತ್ತು ವರ್ಷ ಹಿಮದಲ್ಲಿ ಅಂಚೆ ಹಂಚಿದವಳು,
ಮೊಣಕಾಲಿಗೊಂದು ಪಟ್ಟಿ, ದವಡೆಯಲ್ಲೊಂದು ಪೆಪ್ಪರಮಿಂಟು,
ಅಂದಳು: ಮೊದಲು ಬೀಳು.

ಆರು ವಾರ ಬರೀ ಬಿದ್ದೆ.
ಗದ್ದ ಎದೆಗೊತ್ತಿ, ಬೆನ್ನು ಬಿಲ್ಲು ಮಾಡಿ,
ಅಂಗೈಯಿಂದ ಚಾಪೆಗೆ ಫಟಾರನೆ ಬಾರಿಸುತ್ತ.
ಸದ್ದು ಚಾಪೆಗೆ ಹೋದರೆ ನೋವು ಮೈಗೆ ಬಾರದು ಎನ್ನುತ್ತಾಳೆ.
ಸುಳ್ಳು. ಸ್ವಲ್ಪ ಬರುತ್ತದೆ.
ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ;
ನಮಗೆ ಮೀಸೆಯೂ ಇಲ್ಲ, ಆ ಜಂಬದ ಖರ್ಚೂ ಇಲ್ಲ.
ಬಿದ್ದು, ನಕ್ಕು, ಜಡೆಪಿನ್ನು ಹುಡುಕಿ
ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲುತ್ತೇವೆ.

ಏಳನೆಯ ವಾರ ಮಣಿಕಟ್ಟು.
ಅವಳು ಹಿಡಿದಳು. ನಾನು ಎಳೆದೆ, ಒದ್ದಾಡಿದೆ,
ಕಿವಿ ಕೆಂಪಾಗುವವರೆಗೆ ಜಗ್ಗಿದೆ.
"ನಾಲ್ಕು ಬೆರಳಿನ ಜೊತೆ ಒಬ್ಬಳೇ ಜಗಳ ಯಾಕೆ, ಮುರಾಕೋಶಿ?
ಮುಷ್ಟಿಗೂ ಒಂದು ಬಾಗಿಲಿರುತ್ತದೆ, ಹೆಬ್ಬೆರಳ ಹತ್ತಿರ.
ಎಲುಬಿನ ತೆಳ್ಳನೆ ಅಂಚು ಅಲ್ಲಿಗೆ ತಿರುಗಿಸು.
ಹೊರಡು."
ತಿರುಗಿಸಿದೆ.
ಕಾರ್ಖಾನೆಯಲ್ಲಿ ದಿನವಿಡೀ ನಾನು ಸೀಳುವ ಹೆರಿಂಗ್ ಮೀನಿನ ಹೊಟ್ಟೆಯಿಂದ
ಮೊಟ್ಟೆಯ ಗೊಂಚಲು ಜಾರುವ ಹಾಗೆ
ಜಾರಿ ಬಂತು ಕೈ.

ಅಂದಿನಿಂದ ಎಲ್ಲದರಲ್ಲೂ ಹೆಬ್ಬೆರಳು ಹುಡುಕುವ ಚಟ:
ಹೆಪ್ಪುಗಟ್ಟಿದ ಸೈಕಲ್ ಬೀಗದಲ್ಲಿ,
"ಇನ್ನೊಂದೇ ಗಂಟೆ ನಿಲ್ಲಿ" ಎನ್ನುವ ಫೋರ್‌ಮನ್ ನುಮಾಟನ ದನಿಯಲ್ಲಿ
ಎಳೆ ತೆಳುವಾಗುವ ಜಾಗ.
ಬಸ್ಸಿನಲ್ಲಿ ಕಂಬಿ ಹಿಡಿಯದೆ, ಪಾದ ಹೆಗಲಗಲ, ಮಂಡಿ ಸಡಿಲ.
ಕತ್ತಲ ಓಣಿಯಲ್ಲಿ ಕಣ್ಣು ಮುಂದೆ, ಕಿವಿ ಹಿಂದೆ.
ಯಾರೂ ಮೇಲೆ ಬೀಳಲಿಲ್ಲ.
ಒಬ್ಬ ಕುಡುಕ ಬಂದ, ರೈಲು ನಿಲ್ದಾಣ ಕೇಳಿದ.
ನಿಲ್ದಾಣ ಮುಚ್ಚಿ ಬಹಳ ಕಾಲವಾಯಿತು ಎಂದೆ.
ಅತ್ತ. ಹೋದ.

ಫೆಬ್ರವರಿ. ರಾತ್ರಿ ಮೂರು.
ಹಾಸಿಗೆ ಬದಲಿಸಲು ಬಗ್ಗಿದಾಗ ಅಪ್ಪ ಹಿಡಿದ.
ಎಂಬತ್ತನಾಲ್ಕರ ಕೈ,
ನನ್ನ ಹೆಸರು ಮರೆತಿದೆ, ಬಲೆಯ ಭಾರ ಮರೆತಿಲ್ಲ.
"ಬಿಡಬೇಡ! ಹಗ್ಗ ಬಿಡಬೇಡ!"
ಉಗುರಿನ ಕೆಳಗೆ ನನ್ನ ಚರ್ಮ ಬೆಳ್ಳಗಾಯಿತು.

ಇದೇ ಕೈ.
ನನಗೆ ಒಂಬತ್ತಾಗಿದ್ದಾಗ ಇದೇ ಮಣಿಕಟ್ಟು,
ಅವನ ಇನ್ನೊಂದು ಕೈಯಲ್ಲಿ ಸೊಂಟದ ಬೆಲ್ಟು.
ಆಗಲೂ ಎಳೆದಿದ್ದೆ, ನಾಲ್ಕು ಬೆರಳ ಕಡೆಗೇ ಎಳೆದಿದ್ದೆ.
ಬಾಗಿಲು ಎಲ್ಲಿದೆಯೆಂದು ಯಾರೂ ಹೇಳಿರಲಿಲ್ಲ.
ಅಮ್ಮನಿಗೂ ಗೊತ್ತಿರಲಿಲ್ಲ.

ತಿರುಗಿಸಿದೆ.
ಎಷ್ಟು ಸುಲಭವಾಗಿ ಬಂತೆಂದರೆ ನಾಚಿಕೆಯಾಯಿತು.
ಅವನ ಮುಷ್ಟಿ ಗಾಳಿಯಲ್ಲೇ ಉಳಿಯಿತು,
ತೆರೆಯುತ್ತ, ಮುಚ್ಚುತ್ತ,
ದಡಕ್ಕೆ ಬಿದ್ದ ಏನೋ ಒಂದರ ಬಾಯಿಯಂತೆ.

ಎದ್ದು ಹೋದೆ. ಸುಳ್ಳು ಹೇಳುವುದಿಲ್ಲ.
ಅಡುಗೆಮನೆಯಲ್ಲಿ ದೀಪ ಹಾಕದೆ ನಿಂತು
ಒಂದು ಲೋಟ ನೀರು ಕುಡಿದೆ, ಇನ್ನೊಂದು ಲೋಟ ಕುಡಿದೆ.
ಆಚೆ ಕೋಣೆಯಲ್ಲಿ ಅವನು ಕೂಗುತ್ತಲೇ ಇದ್ದ,
ಹಗ್ಗ, ಹಗ್ಗ.

ಒಲೆಯ ಮೇಲೆ ಒಣಗುತ್ತಿತ್ತು ನನ್ನ ಜೂಡೋದ ಬಿಳಿ ಪಟ್ಟಿ.
ಒಂದು ತುದಿ ಮಂಚದ ಕಾಲಿಗೆ ಕಟ್ಟಿ
ಇನ್ನೊಂದನ್ನು ಮುಷ್ಟಿಗಿಟ್ಟೆ.
ಬೆಳಗಿನವರೆಗೆ ಎಳೆದ ಮಾರಾಯ.
ಐದರ ಸುಮಾರಿಗೆ "ತುಂಬಿದೆ" ಎಂದ, ಮಲಗಿದ.

ಮುಂದಿನ ಮಂಗಳವಾರ ಪಟ್ಟಿ ಮುದುಡಿತ್ತು,
ನೋವಿನ ಮುಲಾಮಿನ ವಾಸನೆ.
ಸೆನ್ಸೇ ನೋಡಿದಳು. "ಇಸ್ತ್ರಿ ಮಾಡು" ಎಂದಳು, ಅಷ್ಟೆ.

ಬಾಗಿಲಲ್ಲಿ ಹೊಸ ಹುಡುಗಿ, ಚಿಸಾಟೊ,
ಬೂಟು ಬಿಚ್ಚದೆ ನಿಂತಿದ್ದಾಳೆ,
ತೋಳನ್ನು ಬೆರಳ ತುದಿಯವರೆಗೆ ಎಳೆದುಕೊಂಡು.
ಕೇಳಲಿಲ್ಲ ನಾನು ಏನೂ.
ಕೈ ಚಾಚಿದೆ:
ಹಿಡಿ.
ಗಟ್ಟಿಯಾಗಿ.
ಅವನು ಹಿಡಿಯುವ ಹಾಗೆ ಹಿಡಿ.