ಕೇಳಿದರೆ ಕೈ ಎತ್ತು

ಬೆಲೆಂ ಊರಿನ ಹೊಳೆದಂಡೆ, ನನ್ನ ಅಂಗಡಿಗೆ
ಲಾಂಚು ರಿಪೇರಿಯ ಜುರಾಂದಿರ್ ಬಂದ,
ಉಗುರಲ್ಲಿ ಡೀಸೆಲ್ಲು, ಬೆನ್ನಿಗೆ ಮಗಳು.
ನಾನು ಶುರುಮಾಡಿದೆ ನನ್ನ ಬಾಯಿಪಾಠ:
ಎರಡು ಸುರುಳಿಯ ಪಿಕಪ್ಪು, ಗುಂಯ್‌ಗುಡುವುದಿಲ್ಲ,
ಮಹಾಗನಿ ಮೈ, ಇಪ್ಪತ್ತೆರಡು ಮೆಟ್ಟು...
ಅವನು ಕೇಳಿಸಿಕೊಳ್ಳಲಿಲ್ಲ.
ಒಂದು ಕಣ್ಣು ಮುಚ್ಚಿ ಗಿಟಾರಿನ ಕತ್ತಿನುದ್ದಕ್ಕೂ ನೋಡಿದ,
ದೋಣಿಯ ಹಲಗೆ ಸೊಟ್ಟಗಿದೆಯೇ ಎಂದು ನೋಡುವ ಹಾಗೆ.
'ನಮ್ಮ ಕಡೆ ಕಬ್ಬಿಣವೂ ಬೆವರುತ್ತದೆ' ಎಂದ,
'ಸ್ಕ್ರೂ ಬಿಚ್ಚಿದರೆ ಕತ್ತು ಕಳಚುವಂಥದ್ದು ಕೊಡಿ.'

ಆಮೇಲೆ ಮಗಳನ್ನು ಕಟ್ಟೆಯ ತುದಿಗೆ ಓಡಿಸಿದ,
ಇಂಜಿನ್ನು ಬಡಿದುಕೊಳ್ಳುತ್ತಿದ್ದ ಲಾಂಚಿನ ಪಕ್ಕಕ್ಕೆ:
'ದಿಲ್ಮಾರಾ, ಕೇಳಿದರೆ ಕೈ ಎತ್ತು!'

ಮೊದಲು ದುಬಾರಿಯದು. ದಪ್ಪ ದನಿ, ಜೇನು ಸುರಿದಂತೆ.
ನನಗೇ ಗಂಟಲು ಕಟ್ಟಿತು.
ಅಲ್ಲಿ ಕೈ ಏಳಲಿಲ್ಲ.
ಎರಡನೆಯದಕ್ಕೆ ಅರ್ಧ ಎದ್ದು, ಕೆನ್ನೆ ಕೆರೆದುಕೊಂಡು, ಇಳಿಯಿತು.
ಮೂರನೆಯದು ಹಸಿರು, ಬಣ್ಣ ಎದ್ದದ್ದು,
ಗುಂಯ್ ಎನ್ನುವ ಒಂಟಿ ಸುರುಳಿಯದು;
ಅದರ ಮೇಲೆ ನಾನು ಟವೆಲು ಒಣಹಾಕುತ್ತಿದ್ದೆ.
ವೈರು ಸಿಕ್ಕಿಸಿದ. ತಂತಿಗೆ ಬೆರಳು ಇನ್ನೂ ತಾಕಿಲ್ಲ,
ಕೈ ಮೇಲೆ!

ಹುಡುಗಿ ಕರೆದದ್ದು ಟಪಿಯೋಕ ಮಾರುವವಳನ್ನು.
ನಾನು ನೋಡಿದೆ. ಅವನೂ ನೋಡಿದ.

ಒಂದೇ ಒಂದು ಸ್ವರ ಮೀಟಿದ ಜುರಾಂದಿರ್,
ದಬ್ಬಣದ ಮೊನೆಯಂಥದ್ದು.
ಲಾಂಚಿನ ಮೇಲೆ ಹಗ್ಗ ಸುತ್ತುತ್ತಿದ್ದ ಮುದುಕ
ಯಾರೋ ಹೆಸರು ಹಿಡಿದು ಕರೆದಂತೆ ತಿರುಗಿದ.

'ಕಟ್ಟಿಕೊಡಿ.'
ಚೌಕಾಸಿ ಮಾಡಲು ಮರೆತ.
ನಾನೂ ನೆನಪಿಸಲಿಲ್ಲ.