ಸೀಸದ ಕಾಳು

ಡಬ್ಬಿ ಅಲ್ಲಾಡಿಸಿದರ ಗೊತ್ತಾಗತದ ಎಷ್ಟು ಉಳದಾವಂತ.
ಒಳಗ ಬೆರಳಿಟ್ಟರ ಏನೂ ಗೊತ್ತಾಗೂದಿಲ್ಲ.
ಸಕ್ಕರಿ ಬ್ಯಾನಿ ಬೆರಳ ತುದಿ ತಿಂದು ಮೂರು ವರ್ಷಾತು.
ಬಲಗಣ್ಣಿನಾಗ ಪೊರಿ,
ಎಡಗಣ್ಣಿನಾಗ ಕಂಬರ ತಲಾವದ ಮಂಜು.

ಜ್ವಾಳದ ಕಾಳಿನಷ್ಟು ಛರಾ. ಸೊಂಟದಾಗ ಚಿವುಟಿದಂಗ,
ಒಂದು ಕಡೆ ತಲಿ, ಒಂದು ಕಡೆ ಪೊಳ್ಳು ಲಂಗ.
ತಲಿ ಮುಂದಾಗಿ ಹೋಗಬೇಕು.
ತಿರುಗಾಮುರುಗಾ ಹೋದರ ಸೊಟ್ಟ ಹಾರತದ,
ಗಿರಾಕಿ ಬಂದೂಕಿಗೆ ಬೈತಾನ,
ನಾ ಬಂದೂಕಿನ ಪರವಾಗಿ ಕೇಳಸ್ಕೋತೇನಿ.

ಇದೇ ಕೈಲೆ ಅಶೋಕ ಚೌಕದ ಕಾರಖಾನ್ಯಾಗ
ಹಣಗಿಯ ಸಂದಿಗೆ ಎಳಿ ಎಳದಂವ ನಾ,
ಒಂದು ಪಾಳಿಗೆ ಎರಡು ಸಾವಿರ,
ದವಡ್ಯಾಗ ತಂಬಾಕ ಇಟಗೊಂಡು, ಸಿನೇಮಾದ ಕತಿ ಹೇಳಕೋತ.
ಈಗ ಒಂದು ತೂತು.
ನಳಿಗಿ ಮಡಚಿದ ಕೂಡಲೆ ಅದು ನನ್ನ ನೋಡತದ.

ಮೊದಲು ಚುಂಬಕ ತಂದೆ. ಸೀಸ ಅದಕ್ಕ ಬಗ್ಗಲಿಲ್ಲ.
ಹುಬ್ಬಿನ ಚಿಮಟಾ ತಂದೆ, ಹಿಚುಕಿದರ ಲಂಗ ಚಪ್ಪಟಿ.
ತುಟ್ಯಾಗ ಹಿಡಕೊಂಡೆ.
"ವಿಷ ಅದು ಬಾಬಾ" ಅಂತ ಸಿವಿಲ್ ಆಸ್ಪತ್ರಿ ಡಾಕ್ಟರಬಾಯಿ
ಮರಾಠ್ಯಾಗ ಬೈದಳು.
ನಾ ಕನ್ನಡದಾಗ ಸುಮ್ಮನಾದೆ.

ಕಡೀಕ ನೀಲಾಂಬಿಕಾ, ಬುತ್ತಿ ಕಟ್ಟೂಮುಂದ,
ನಾದಿದ ಹಿಟ್ಟು ಗುಲಗಂಜಿಯಷ್ಟು
ಕಡ್ಡಿಪೆಟ್ಟಿಗ್ಯಾಗ ಇಟ್ಟು ಕೊಟ್ಟಳು.
ಕಡ್ಡಿ ತುದಿಗೆ ಹಿಟ್ಟು, ಹಿಟ್ಟಿಗೆ ಛರಾ.
ತಲಿಗೆ ಹತ್ತಿದ್ದು ಜಾರತದ,
ಪೊಳ್ಳಿನಾಗ ಹೊಕ್ಕಿದ್ದು ಕಚ್ಚಿಕೊಳ್ಳತದ.
ಯಾವ ಕಡೆ ಯಾವುದಂತ ಹಿಟ್ಟಿಗೆ ತಿಳೀತದ, ನನಗ ಬ್ಯಾಡ.
ಸಂಜೀಕ ಒಣಗತದ. ನಾಲಿಗಿ ಹಚ್ಚಬ್ಯಾಡ ಅಂದಾಳ.
ಹಚ್ಚತೇನಿ.

ಹೋದ ಐತವಾರ ಪೋಲೀಸ ಭರತಿಗೆ ಓಡೂ ಹುಡುಗ ಬಂದ.
"ಕೊಡ ಮಾಮಾ, ನಾನ ತುಂಬತೇನಿ, ಕತ್ತಲಾತು."
ಕೊಡಲಿಲ್ಲ. ಇಪ್ಪತ್ತು ರೂಪಾಯಿಗೆ ಐದು,
ತುಂಬೂ ಕೂಲಿ ಅದರಾಗ ಬಂತು.
ಅಂವ ನಿಂತ. ಅವನ ಹಿಂದ ನಾಕು ಮಂದಿ ನಿಂತರು.
ಒಂದು ಉಸುಕಿನಾಗ ಬಿತ್ತು. ಇನ್ನೊಂದು.
ಮೂರನೇದು ತೂತಿನ ಅಂಚಿಗೆ ಕೂತು,
ಎರಡು ಗಳಿಗಿ ಯೋಚನಿ ಮಾಡಿ, ಒಳಗ ಇಳೀತು.

ಬಲೂನು ನನಗ ಬರೇ ಬಣ್ಣದ ಬೊಟ್ಟು.
ಟಪ್ ಅಂದರ ಒಂದು ಬೊಟ್ಟು ಆರಿತು.
ಠಣ್ ಅಂದರ ಹಿಂದಿನ ತಗಡು.
ಹುಡುಗಂದು ಐದಕ್ಕ ಐದೂ ಠಣ್.
"ಉಲ್ಟಾ ಹಾಕೀದಿ ನೀ" ಅಂದ.
ಹಾಕಿರಲಿಲ್ಲ.
ಮತ್ತೊಂದು ಪುಕ್ಕಟ ತುಂಬಿ ಕೊಟ್ಟೆ.

ಮುಂಜಾನೆ ತಗಡಿನ ಕೆಳಗ ಕುಕ್ಕರಗಾಲಿಲೆ ಕೂತು ಆರಸತೇನಿ.
ಬಡದ ಛರಾ ಕಡ್ಲಿಬ್ಯಾಳಿಯಂಗ ಅಗಲ ಆಗಿರತಾವ,
ಕರದರ ಬಂದಂಗ ಬರತಾವ ಕೈಗೆ,
ಒಂದೂ ಜಾರೂದಿಲ್ಲ.
ತಿಂಗಳಿಗೊಮ್ಮೆ ಸೈಕಲ್ಲಿನಾಂವ ಬರತಾನ
"ಭಂಗಾರ, ಭಂಗಾರ" ಅಂತ ಒದರಕೋತ.
ಅವನ ಭಾಷಾದಾಗ ಅದು ಗುಜರಿ.
"ಕಾಟಾ ನೋಡಕೋ ಕಾಕಾ" ಅಂತಾನ.
ಬಗ್ಗಿ, ನೋಡಿದಂಗ ಮಾಡಿ,
"ಬರೋಬರಿ ಅದ" ಅಂತೇನಿ.